ಎರಡೂವರೆ ಬಾರ್‌ಗೆ ಎಷ್ಟು ಮಾರ್ಕು?

ಮುಂಬೈಯ ಕನ್ನಡ ಸಂಘವೊಂದರ ರ‍್ಯಾಪ್ ಬ್ಯಾಟಲ್‌ಗೆ ಜಡ್ಜ್ ಆಗಿ ಕೂತಿದ್ದೆ. ಇಬ್ಬರು ಎದುರುಬದುರು ನಿಂತು ರ‍್ಯಾಪ್‌ನಲ್ಲೇ ಒಬ್ಬರಿಗೊಬ್ಬರು ಉತ್ತರ ಕೊಡುವ ಸ್ಪರ್ಧೆ ಅದು. ಫೈನಲ್‌ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಹುಡುಗಿ ಗೆದ್ದಳು, 2–1ರಲ್ಲಿ. ಆ ಎರಡು ವೋಟಿನಲ್ಲಿ ಒಂದು ನನ್ನದು. ನನ್ನ ಶೀಟಿನಲ್ಲಿ ಅವಳಿಗೆ 57, ಹುಡುಗನಿಗೆ 55. ಆ ಎರಡು ಮಾರ್ಕು ಎಲ್ಲಿಂದ ಬಂತು, ಆಮೇಲೆ ಹೇಗೆ ಕೈ ಜಾರಿತು ಅನ್ನೋದನ್ನು ಬರೆದಿಡುತ್ತಿದ್ದೇನೆ. ಆ ಕುರ್ಚಿಯಲ್ಲಿ ನಾಳೆ ಇನ್ಯಾರೋ ಕೂರುತ್ತಾರೆ ಅಲ್ವಾ.

ನಾನು ಮುಂಬೈಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು. ಮಳೆಗಾಲದಲ್ಲಿ ತಾಳಮದ್ದಳೆ, ಚಳಿ ಶುರುವಾದ ಮೇಲೆ ಸಂಘಗಳ ವಾರ್ಷಿಕೋತ್ಸವ, ನಡುನಡುವೆ ರ‍್ಯಾಪ್ ಹುಡುಗರ ಶೋ. ಇಪ್ಪತ್ತು ವರ್ಷದಿಂದ ಬೇರೆಯವರ ಮಾತನ್ನು ಹೆಡ್‌ಫೋನಿನಲ್ಲಿ ಕೇಳುವುದೇ ನನ್ನ ಕೆಲಸ. ಅದಕ್ಕೇ ಜಡ್ಜ್ ಆಗಿ ಬನ್ನಿ ಅಂತ ಕರೆದರು. ಹಾಗೇ ಸೌಂಡ್ ಕೂಡ ಪುಕ್ಕಟೆ ಸಿಗಬಹುದು ಅನ್ನುವ ಆಸೆ ಇತ್ತೇನೋ. ನಾನು ಸಾಮಾನು ತರಲಿಲ್ಲ. ಹಾಲ್‌ನವರದ್ದೇ ಸಿಸ್ಟಮ್ ಇತ್ತು. ತಂದಿದ್ದರೆ ಈ ಕಥೆಯ ಅರ್ಧ ಇರುತ್ತಲೇ ಇರಲಿಲ್ಲ.

ಮುಲುಂಡ್‌ನ ಒಂದು ಸಣ್ಣ ಹಾಲ್. ನವೆಂಬರ್ ತಿಂಗಳ ಭಾನುವಾರ, ರಾಜ್ಯೋತ್ಸವದ ಕಾರ್ಯಕ್ರಮ. ಮುಂಬೈಯ ಕನ್ನಡ ಸಂಘಗಳಿಗೆ ವಯಸ್ಸಾಗಿದೆ. ಮಾಟುಂಗದ ಮೈಸೂರು ಅಸೋಸಿಯೇಷನ್ ಶುರುವಾಗಿದ್ದೇ 1926ರಲ್ಲಿ. ಸಂಘ ಯಾವುದೇ ಇರಲಿ, ಮುಂದಿನ ಸಾಲಿನಲ್ಲಿ ಕೂರುವವರ ತಲೆ ಬಿಳಿ, ಅವರ ಮೊಮ್ಮಕ್ಕಳು ಹೊರಗೆ ಪಾರ್ಕಿಂಗ್‌ನಲ್ಲಿ ಫೋನ್ ನೋಡುತ್ತಾ ನಿಂತಿರುತ್ತಾರೆ. ಆ ಮೊಮ್ಮಕ್ಕಳನ್ನು ಒಳಗೆ ತರಬೇಕು ಅಂತ ಯುವ ವಿಭಾಗದವರು ರ‍್ಯಾಪ್ ಬ್ಯಾಟಲ್ ಇಡೋಣ ಎಂದು ಹಟ ಹಿಡಿದರು. ಕಮಿಟಿಯ ಹಿರಿಯರೊಬ್ಬರು, "ಅಂದ್ರೆ ಬೈಗುಳದ ಸ್ಪರ್ಧೆಯಾ?" ಅಂತ ಕೇಳಿದರು.

ಅವರಿಗೆ ನಾನು ಹರದೇಶಿ–ನಾಗೇಶಿ ಪದಗಳನ್ನು ನೆನಪಿಸಿದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎರಡು ಮೇಳ ಎದುರುಬದುರು ನಿಂತು ರಾತ್ರಿಯಿಡೀ ಸವಾಲ್–ಜವಾಬ್ ಹಾಡುತ್ತವೆ. ಒಂದು ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಮರಾಠಿಯವರ ತಮಾಷಾದಲ್ಲೂ ಸವಾಲ್–ಜವಾಬ್ ಉಂಟು. ರ‍್ಯಾಪ್‌ನಲ್ಲಿ ಈ ಜಗಳ ಶುರುವಾಗಿದ್ದು ಸ್ವಲ್ಪ ತಡವಾಗಿಯೇ. ಹಿಪ್‌ಹಾಪ್ ಹುಟ್ಟಿದ ದಿನ ಅಂತ ಎಲ್ಲರೂ ಹೇಳುವುದು 1973ರ ಆಗಸ್ಟ್ 11. ಅವತ್ತು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದು ಪಾರ್ಟಿಗೆ ರೆಕಾರ್ಡ್ ಹಾಕಿದ್ದ. ಆಗ ಮೈಕ್ ಹಿಡಿದವನ ಕೆಲಸ ಜನರನ್ನು ಕುಣಿಸುವುದು, ಅಷ್ಟೇ. 1981ರಲ್ಲಿ ಹಾರ್ಲೆಮ್‌ನ ಒಂದು ಕ್ಲಬ್ಬಿನಲ್ಲಿ ಬಿಝಿ ಬೀ ಅನ್ನುವವನು ಹಾಗೆ ಜನರಿಂದ ಕೂಗು ಹಾಕಿಸಿ ಇಳಿದ ಮೇಲೆ ಕೂಲ್ ಮೋ ಡೀ ವೇದಿಕೆ ಹತ್ತಿ, ಅವನು ಆಗಷ್ಟೇ ಕೂಗಿಸಿದ್ದನ್ನೇ ಹಿಡಿದು ಆಡಿಕೊಂಡ. ಬ್ಯಾಟಲ್‌ನ ದಾರಿ ಬದಲಾದದ್ದು ಅಲ್ಲಿಂದ ಅಂತಾರೆ. ನನಗೆ ಮುಖ್ಯವಾಗಿ ಕಾಣೋದು ಎರಡನೆಯವನು ಮೊದಲನೆಯವನ ಮಾತನ್ನು ಕೇಳಿಸಿಕೊಂಡಿದ್ದ ಅನ್ನೋದು.

ಹಿರಿಯರು ಒಪ್ಪಿದರು. ಹರದೇಶಿ ಅಂದಿದ್ದಕ್ಕೆ ಒಪ್ಪಿದರು, ಬ್ರಾಂಕ್ಸ್ ಅಂದಿದ್ದಕ್ಕಲ್ಲ.

ಜಡ್ಜ್‌ಗಳು ಮೂವರು. ನಾನೊಬ್ಬ. ಇನ್ನೊಬ್ಬರು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದ ಮಾಸ್ಟ್ರು, ತಾಳಮದ್ದಳೆ ಹುಚ್ಚಿನವರು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ (ತಾಳಮದ್ದಳೆಯಲ್ಲಿ ಪಾತ್ರಧಾರಿ ಕೂತಲ್ಲೇ ಆಡುವ ಮಾತು) ಕೇಳಲು ರಜೆ ಹಾಕಿ ಊರಿಗೆ ಹೋಗುತ್ತಿದ್ದವರು. ಮೂರನೆಯವನು ಬಾಯಲ್ಲೇ ಡ್ರಮ್ ಸದ್ದು ಮಾಡುವ, ಧಾರಾವಿಯ ಬೀಟ್‌ಬಾಕ್ಸರ್ ಹುಡುಗ, ಇಪ್ಪತ್ತಾರು ವರ್ಷ, ಕನ್ನಡ ಒಂದಕ್ಷರ ಬರುವುದಿಲ್ಲ. ಕನ್ನಡ ಬರದವನನ್ನು ಯಾಕೆ ಕರೆದರು ಅಂತ ಮೊದಲು ನನಗೂ ಸಿಟ್ಟು ಬಂತು. ಆಮೇಲೆ ಇದೇ ಸರಿ ಅನ್ನಿಸಿತು. ಮಾತು ತಿಳಿಯದವನಿಗೆ ಬೀಟ್ ಮಾತ್ರ ಕೇಳುತ್ತದೆ. ಅವನನ್ನು ಮಾತಿನಿಂದ ಮರುಳು ಮಾಡಲು ಆಗುವುದಿಲ್ಲ.

ಫೈನಲ್‌ಗೆ ಬಂದ ಹುಡುಗ ಗೋವಂಡಿಯವನು. ಮನೆ ಕಡೆ ವಿಜಯಪುರ ಜಿಲ್ಲೆ, ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಬಂದವರು. ಹುಡುಗಿ ಡೊಂಬಿವಲಿ. ಮನೆಮಾತು ತುಳು, ಅಪ್ಪನದ್ದು ಸಣ್ಣ ಹೋಟೆಲು. ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು, ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು, ಮಗಳು ಏನು ಮಾಡಲಿದ್ದಾಳೆ ಅಂತ ಸರಿಯಾಗಿ ಗೊತ್ತಿಲ್ಲದ ಮುಖ. ಹುಡುಗನ ಕಡೆಯಿಂದ ಹದಿನೆಂಟು ಇಪ್ಪತ್ತು ಜನ ದೋಸ್ತಿಗಳು ಬಂದು ಹಿಂದೆ ನಿಂತಿದ್ದರು. ಇಬ್ಬರೂ ಬೆಳೆದದ್ದು ಕುರ್ಲಾದ ನೇಝಿ, ಅಂಧೇರಿಯ ಡಿವೈನ್ ಅನ್ನುವ ರ‍್ಯಾಪರ್‌ಗಳನ್ನು ಕೇಳಿಕೊಂಡು. 2015ರಲ್ಲಿ ಆ ಇಬ್ಬರೂ ಸೇರಿ ಹಾಡಿದ ಮೇಲೆ ಈ ಊರಿನ ಗಲ್ಲಿಗಲ್ಲಿಯಲ್ಲಿ ಹುಡುಗರು ಸುತ್ತ ನಿಂತು ಸೈಫರ್, ಅಂದರೆ ಸರದಿ ಪ್ರಕಾರ ರ‍್ಯಾಪ್, ಮಾಡತೊಡಗಿದರು, 2019ರಲ್ಲಿ ಅದೇ ಹಿಂದಿ ಸಿನಿಮಾನೂ ಆಯಿತು. ಆದರೆ ಕನ್ನಡದಲ್ಲಿ ಎದುರುಬದುರು ನಿಂತದ್ದು ಇಬ್ಬರಿಗೂ ಅವತ್ತೇ ಮೊದಲು.

ಮಾರ್ಕಿನ ಲೆಕ್ಕ ನಾನೇ ಮಾಡಿದ್ದು. ಒಂದು ರೌಂಡಿಗೆ 20. ಅದರಲ್ಲಿ ಉತ್ತರಕ್ಕೆ 8, ಕಟ್ಟಿಗೆ 6, ಫ್ಲೋಗೆ 6. ಉತ್ತರ ಅಂದರೆ ಎದುರಿಗಿರುವವರಿಗೆ, ಆ ಹೊತ್ತಿಗೆ ತಾಗುವ ಮಾತು. ಕಟ್ಟು ಅಂದರೆ ಪ್ರಾಸ, ಪನ್, ಪದ ಕೂಡಿಸುವ ಚಂದ. ಫ್ಲೋ ಅಂದರೆ ಬೀಟ್ ಮೇಲೆ ಕೂರುವುದು. ಉತ್ತರಕ್ಕೆ ಜಾಸ್ತಿ ಇಟ್ಟಿದ್ದು ಬೇಕಂತಲೇ. ಎದುರಿಗಿರುವವನನ್ನು ಕೇಳಿಸಿಕೊಳ್ಳದೆ ಹೇಳಿದರೆ ಅದು ಹಾಡು ಆಗಬಹುದು, ಬ್ಯಾಟಲ್ ಆಗುವುದಿಲ್ಲ.

ಬೀಟ್ 90 ಬಿಪಿಎಂ, ನಿಮಿಷಕ್ಕೆ 90 ತಟ್ಟು. ನಾಲ್ಕು ತಟ್ಟು ಸೇರಿದರೆ ಒಂದು ಬಾರ್, ಹೆಚ್ಚುಕಡಿಮೆ ಹಾಡಿನ ಒಂದು ಸಾಲು. ಅಂದರೆ ಒಂದು ಬಾರ್‌ಗೆ ಎರಡೂಮುಕ್ಕಾಲು ಸೆಕೆಂಡೂ ಇಲ್ಲ. ಎಂಟು ಬಾರ್ ಅಂದರೆ 21 ಸೆಕೆಂಡ್ ಚಿಲ್ಲರೆ. ಅಷ್ಟರಲ್ಲಿ ಕೇಳಿದ್ದನ್ನು ನೆನಪಿಟ್ಟು, ತಿರುಗಿಸಿ, ಪ್ರಾಸ ಹೊಂದಿಸಿ, ಉಸಿರೂ ತೆಗೆದುಕೊಳ್ಳಬೇಕು. ಕೆಳಗೆ ಕುರ್ಚಿಯಲ್ಲಿ ಕೂತವರಿಗೆ ಇದು ಸುಲಭ ಅನ್ನಿಸುತ್ತೆ.

ಮೊದಲ ರೌಂಡಿಗೆ ಟಾಸ್ ಹಾಕಿದೆವು. ಹುಡುಗ ಮೊದಲು. ಎಂಟು ಬಾರ್‌ನಲ್ಲಿ ಕೊನೆಯ ನಾಲ್ಕು ಹೀಗಿದ್ದವು:

ಡೊಂಬಿವಲಿ ಫಾಸ್ಟ್ ಹತ್ತಿ ಆರಾಮ ಕುಂತು ಬಂದಿ
ಅಪ್ಪನ ಹೋಟ್ಲಾಗ ಬೆಣ್ಣಿ ದ್ವಾಸಿ ತಿಂದಿ
ನಾವು ಬಿಸಿಲಾಗ ಸಿಮೆಂಟ್ ಹೊತ್ತ ಮಂದಿ
ನನ್ನ ಮಾತಿನ ಜೈಲಾಗ ಇವತ್ತ ನೀ ಬಂದಿ

ಹಿಂದಿನಿಂದ ಕೂಗು ಎದ್ದಿತು. ಮಾಸ್ಟ್ರು ನನ್ನ ಕಿವಿಯಲ್ಲಿ, "ಯಮಕ ಮಾರಾಯ, ಯಮಕ!" ಅಂದರು. ಮೊದಲ ಸಾಲಿನ ಬಂದಿ ಅಂದರೆ ಬಂದೆ ಅಂತ, ಕೊನೆಯ ಸಾಲಿನ ಬಂದಿ ಅಂದರೆ ಸೆರೆಯಾಳು. ಉತ್ತರ ಕರ್ನಾಟಕದ ಮಾತಿನಲ್ಲಿ ಮಾತ್ರ ಸಿಗುವ ಪನ್ ಅದು, ಬೆಂಗಳೂರು ಕನ್ನಡದಲ್ಲಿ ಆಗುವುದೇ ಇಲ್ಲ. ಬೀಟ್‌ಬಾಕ್ಸರ್ ಹುಡುಗ ಟೇಬಲ್ ಮೇಲೆ ಬೆರಳಲ್ಲಿ ತಟ್ಟುತ್ತಾ ತಲೆ ಆಡಿಸುತ್ತಿದ್ದ. ನಾನು ಉತ್ತರಕ್ಕೆ 5, ಕಟ್ಟಿಗೆ 6ಕ್ಕೆ 6, ಫ್ಲೋಗೆ 5 ಹಾಕಿದೆ. ಒಟ್ಟು 16.

ಹುಡುಗಿ ಮೈಕ್ ತೆಗೆದುಕೊಂಡಳು. ಮೊದಲ ಎರಡು ಬಾರ್ ಬೀಟ್ ಹುಡುಕುವುದರಲ್ಲೇ ಹೋಯಿತು. ಮತ್ತೆರಡು ಸುಮ್ನೆ ತುಂಬಿಸಿದ್ದು. ಆಮೇಲೆ:

ಡೊಂಬಿವಲಿ ಫಾಸ್ಟಲ್ಲಿ ಕೂತು ಬಂದೆ ಅಂದಿಯಲ್ಲ
ಒಂದು ದಿನ ಆದ್ರೂ ನೀನು ಆ ಗಾಡಿ ಹತ್ತಿದ್ದಿಲ್ಲ
ಸೀಟು ಬಿಡು ಮಾರಾಯ, ಕಾಲಿಡ್ಲಿಕ್ಕೆ ಜಾಗ ಇಲ್ಲ
ಮನೇಲಿ ಬರ್ದು ತಂದದ್ದು ನಿಂದು, ಬಾಯಿಪಾಠ ಎಲ್ಲ

ಹಾಲ್ ಬಿದ್ದುಹೋಯಿತು. ಬಿಳಿ ತಲೆಯವರೂ ನಕ್ಕರು. ಮುಂಬೈಯಲ್ಲಿ ಸೆಂಟ್ರಲ್ ಲೈನಿನ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. (ಡೊಂಬಿವಲಿಯಿಂದಲೇ ಹೊರಡುವ ಗಾಡಿಗಳೂ ಇವೆ, ನಿಜ. ಆದರೆ ಆ ಸೀಟಿಗೆ ಹಿಂದಿನ ಸ್ಟೇಷನ್‌ನಿಂದಲೇ ಉಲ್ಟಾ ಕೂತು ಬರುವ ಜನ ಇರುತ್ತಾರೆ. ಗೋವಂಡಿ ಬೇರೆ ಲೈನು, ಹಾರ್ಬರ್ ಲೈನ್. ಪಾಪ, ಅವನಿಗೆ ಹೇಗೆ ಗೊತ್ತಿರಬೇಕು.)

ನಮ್ಮ ಪ್ರಕರಣದ ಗಂಟು ಇಲ್ಲೇ ಬಿತ್ತು. ಪ್ರಾಸ ನೋಡಿದರೆ ಬಡತನ. ಅಲ್ಲ, ಇಲ್ಲ, ಇಲ್ಲ, ಎಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಹಾಗಾಗಿ ಸಾಲಿನ ಕೊನೆಗೆ ಪ್ರಾಸ ತಾನಾಗಿಯೇ ಬಂದು ಬೀಳುತ್ತದೆ. ಬಂದೆ, ತಿಂದೆ, ಅಂದೆ, ಅಥವಾ ಇದೆ, ಅದೆ, ಇಲ್ಲ, ಅಲ್ಲ. ಇಂಗ್ಲಿಷ್ ರ‍್ಯಾಪರ್ ಬೆವರು ಸುರಿಸಿ ಹುಡುಕುವ ಪ್ರಾಸ ನಮಗೆ ರಸ್ತೆಯಲ್ಲಿ ಬಿದ್ದಿರುತ್ತದೆ. ಅದಕ್ಕೇ ಕನ್ನಡ ರ‍್ಯಾಪ್‌ಗೆ ಮಾರ್ಕು ಹಾಕುವಾಗ ಕ್ರಿಯಾಪದದ ಬಾಲಕ್ಕೆ ಸಿಗುವ ಪ್ರಾಸವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಹಳೆಯ ಕವಿಗಳೂ ಪ್ರಾಸ ಇಟ್ಟದ್ದು ಸಾಲಿನ ಕೊನೆಯಲ್ಲಿ ಅಲ್ಲ, ಎರಡನೇ ಅಕ್ಷರದಲ್ಲಿ. ಅದು ಕಷ್ಟದ ಕೆಲಸ. ಮಂಜೇಶ್ವರ ಗೋವಿಂದ ಪೈಗಳು ನೂರು ವರ್ಷಕ್ಕೂ ಹಿಂದೆ ಅದನ್ನು ಬಿಟ್ಟು ಬರೆದದ್ದೇ ಒಂದು ಸುದ್ದಿಯಾಗಿತ್ತು. ಹುಡುಗ ಬಂದಿ–ಮಂದಿ–ಬಂದಿ ಅಂತ ನಾಮಪದ ಸೇರಿಸಿದ್ದ, ಅದು ಕಟ್ಟಿದ ಪ್ರಾಸ. ಹುಡುಗಿಯದ್ದು ಬಿದ್ದ ಪ್ರಾಸ. ಕಟ್ಟಿಗೆ 2 ಕೊಟ್ಟೆ. ಫ್ಲೋಗೆ 4. ಆದರೆ ಉತ್ತರಕ್ಕೆ 8ಕ್ಕೆ 8. ಆ ನಾಲ್ಕು ಸಾಲು ಆ ನಿಮಿಷ ಬಿಟ್ಟು ಬೇರೆ ಯಾವತ್ತೂ ಹುಟ್ಟುವಂಥದ್ದಲ್ಲ. 14.

ಬೀಟ್‌ಬಾಕ್ಸರ್ ಕೇಳಿದ, ಜನ ಯಾಕೆ ನಕ್ಕರು? ಹೇಳಿದೆ. ಅವನೂ ನಕ್ಕ. ನಕ್ಕು, ತನ್ನ ಶೀಟಿನಲ್ಲಿ ಏನನ್ನೂ ಬದಲಿಸಲಿಲ್ಲ. "ಭಾಯ್, ಲಡ್ಕಾ ಬೀಟ್ ಪೇ ಬೈಠಾ ಹೈ, ಲಡ್ಕೀ ಬೀಟ್ ಕೇ ಪೀಛೇ ಭಾಗ್ ರಹೀ ಹೈ" ಅಂದ. ಹುಡುಗ ಬೀಟ್ ಮೇಲೆ ಕೂತಿದ್ದಾನೆ, ಹುಡುಗಿ ಬೀಟ್ ಹಿಂದೆ ಓಡುತ್ತಿದ್ದಾಳೆ ಅಂತ. ಅದೂ ಸುಳ್ಳಲ್ಲ.

ಎರಡನೇ ರೌಂಡ್ ಚೀಟಿ ರೌಂಡ್. ಡಬ್ಬದಿಂದ ಚೀಟಿ ತೆಗೆದು ಒಂದು ಪದ ಕೊಡುವುದು, ಆ ಪದದ ಮೇಲೆ ಎಂಟು ಬಾರ್. ಬರೆದು ತಂದದ್ದನ್ನು ಹಿಡಿಯಲು ಇದೊಂದು ಬಲೆ. ಸಭೆಯಲ್ಲಿ ಕೂತಲ್ಲೇ ಪದ್ಯ ಕಟ್ಟುವ ಅವಧಾನದಲ್ಲಿ ಇದಕ್ಕಿಂತ ಬಿಗಿಯಾದ ಬಲೆ ಇದೆ, ನಿಷೇಧಾಕ್ಷರಿ. ಅವಧಾನಿ ಪದ್ಯ ಕಟ್ಟುತ್ತಾ ಹೋದಂತೆ ಮುಂದಿನ ಅಕ್ಷರ ಇದು ಬೇಡ, ಅದು ಬೇಡ ಅಂತ ಎದುರಿಗಿರುವವರು ತಡೆಯುತ್ತಾರೆ, ಹಾಗಾಗಿ ಮನೆಯಿಂದ ತಂದ ಪದ್ಯ ಒಳಗೆ ಬರಲು ಸಾಧ್ಯವೇ ಇಲ್ಲ. 90 ಬಿಪಿಎಂನಲ್ಲಿ ಅದನ್ನು ಮಾಡಲು ಹೋದರೆ ಹುಡುಗರು ಓಡಿಹೋಗುತ್ತಾರೆ. ಚೀಟಿ ಸಾಕು ಅಂದುಕೊಂಡೆವು.

ಈ ಸಲ ಹುಡುಗಿ ಮೊದಲು. ಅವಳಿಗೆ ಬಂದ ಪದ ಬೀಗ.

ಒಂದು ರೌಂಡಿಗೇ ಬೀಗಬೇಡ, ಬಾಯಿಗೆ ಹಾಕು ಬೀಗ
ಬೀಗರೂಟಕ್ಕೆ ಬಂದ ಗ್ಯಾಂಗು, ಹಿಂದೆ ಕೊಡಿ ಜಾಗ
ಕೀಲಿಕೈ ನನ್ನಲ್ಲುಂಟು, ತೆಗಿತೇನೆ ಈಗ
ಒಳಗೆ ನೋಡಿದ್ರೆ ಖಾಲಿ, ಬರೀ ಹಳೇ ರಾಗ

ಬೀಗುವುದು, ಬೀಗ, ಬೀಗರು. ಒಂದೇ ಪದಕ್ಕೆ ಮೂರು ಬಾಗಿಲು. ಗ್ಯಾಂಗು ಅನ್ನುವಾಗ ಕೈ ಚಾಚಿ ಹಿಂದೆ ನಿಂತ ದೋಸ್ತಿಗಳನ್ನು ತೋರಿಸಿದಳು. ಅವರೇ ಶಿಳ್ಳೆ ಹೊಡೆದರು. ನಾನು ಪೆನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಜಡ್ಜ್ ಹಾಗೆ ಮಾಡಬಾರದು. ಉತ್ತರ 7, ಕಟ್ಟು 6, ಫ್ಲೋ 4. ಒಟ್ಟು 17.

ಹುಡುಗನಿಗೆ ಬಂದ ಪದ ಕೊಡೆ. ಆರು ಬಾರ್ ಪೂರಾ ತನ್ನ ಊರಿನ ಬಿಸಿಲು, ತನ್ನ ಬೆಂಕಿ, ತನ್ನ ಹೆಸರು. ಚೆನ್ನಾಗಿಯೇ ಇತ್ತು. ಏಳನೇ ಬಾರ್‌ನಲ್ಲಿ ಕೊಡೆ ಬಂತು, ಮದುವೆ ಮನೆಯಲ್ಲಿ ಯಾರೋ ಮರೆತು ಹೋದ ಕೊಡೆಯ ಹಾಗೆ, ಯಾರದ್ದೋ ಗೊತ್ತಿಲ್ಲ, ಮೂಲೆಗೆ ಒರಗಿಸಿಟ್ಟದ್ದು. ಸೆಮಿಫೈನಲ್‌ನಲ್ಲಿ ಅದೇ ಬೆಂಕಿಯ ಸಾಲುಗಳನ್ನು ಕೇಳಿದ ಹಾಗೂ ಅನ್ನಿಸಿತು. 11.

ಮೂರನೆಯದು ನಾಲ್ಕು–ನಾಲ್ಕು. ಅವನು ನಾಲ್ಕು ಬಾರ್, ಅವಳು ನಾಲ್ಕು ಬಾರ್, ಎರಡು ಸುತ್ತು, ನಡುವೆ ಬೀಟ್ ನಿಲ್ಲುವುದಿಲ್ಲ. ಮೊದಲ ಸುತ್ತಿನಲ್ಲಿ ಹೇಳುವಂಥದ್ದೇನೂ ಇಲ್ಲ. ಎರಡನೇ ಸುತ್ತಿಗೆ ಹುಡುಗ ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿದ, ದೋಸ್ತಿಗಳ ಕಡೆ ನೋಡುವುದನ್ನು ಬಿಟ್ಟ, ನೇರ ಅವಳ ಮುಖ ನೋಡಿದ.

ಬಾಯಿಪಾಠ ಅಂದಿ ಅಲಾ, ಕೇಳ ನನ್ನ ಮಾತ
ನಮ್ಮವ್ವಂದು ಹೆಬ್ಬೆಟ್ಟ, ಪೆನ್ನ ಹಿಡದದ್ದ ಈ ಹಾತ
ಬರಿಯೂದ ತಪ್ಪಂದ್ರ ತಪ್ಪ ಮಾಡ್ತೀನಿ ದಿನಾ ರಾತ
ನಿಮ್ಮ ಹೋಟ್ಲ ಬಿಲ್ಲ ಬರ್ಯಾಕೂ ಬೇಕಲಾ ಒಬ್ಬಾತ

ಈ ಸಲ ಕೂಗು ಏಳಲಿಲ್ಲ. ಒಂದು ಕ್ಷಣ ಬರೀ ಬೀಟ್ ಕೇಳಿಸಿತು. ಬ್ಯಾಟಲ್‌ನಲ್ಲಿ ಅಮ್ಮನನ್ನು ಎಳೆದು ತರುವುದು ಹೊಸದಲ್ಲ, ಆದರೆ ಎಲ್ಲರೂ ತರುವುದು ಎದುರಿನವರ ಅಮ್ಮನನ್ನು. ಇವನು ತನ್ನ ಅಮ್ಮನನ್ನು ತಂದ. ಹಾತ, ರಾತ ಹಿಂದಿ ಅಲ್ಲವಾ, ಮಾರ್ಕು ಕಳೆಯಬೇಕಲ್ಲವಾ ಅಂತ ಮಾಸ್ಟ್ರು ಆಮೇಲೆ ಕೇಳಿದರು. ಅರ್ಧಕ್ಕಿಂತ ಜಾಸ್ತಿ ಕನ್ನಡ ಇರಬೇಕು ಅನ್ನೋದಷ್ಟೇ ರೂಲು, ಗೋವಂಡಿಯ ಕನ್ನಡ ಹೀಗೇ ಇರೋದು ಅಂದೆ. 8, 5, 5. ಒಟ್ಟು 18. ರಾತ್ರಿಯ ಅತ್ಯಂತ ದೊಡ್ಡ ಮಾರ್ಕು.

ಅವಳು ಶುರು ಮಾಡಿದಳು:

ಬಿಲ್ ಬರಿಲಿಕ್ಕೆ ನಾನೇ ಉಂಟು, ಕ್ಯಾಶಲ್ಲೇ ಕೂತು
ನಿನ್ನಮ್ಮನ ಹೆಬ್ಬೆಟ್ಟಿಗೆ ನಮಸ್ಕಾರವೂ ಆಯ್ತು
ಇನ್ನು ನಿನ್ನ ವಿಷಯಕ್ಕೆ

ಅಷ್ಟಕ್ಕೆ ಮೈಕ್ ಸತ್ತಿತು. ಕಾರ್ಡ್‌ಲೆಸ್ ಮೈಕ್, ಬ್ಯಾಟರಿ ಮುಗಿದದ್ದು. ಬೀಟ್ ಮಾತ್ರ ಸ್ಪೀಕರ್‌ನಲ್ಲಿ ಜೋರಾಗಿ ಓಡುತ್ತಿತ್ತು. ಅವಳು ನಿಲ್ಲಿಸದೆ ಹೇಳುತ್ತಲೇ ಹೋದಳು, ಬಾಯಿ ಆಡುವುದು ಕಾಣಿಸಿತು, ಮಾತು ಕೇಳಿಸಲಿಲ್ಲ. ಡಿಜೆ ಬೀಟ್ ನಿಲ್ಲಿಸುವಷ್ಟರಲ್ಲಿ ನಾಲ್ಕು ಬಾರ್ ಮುಗಿದೇ ಹೋಗಿತ್ತು. ನಾಲ್ಕು ಬಾರ್ ಅಂದರೆ 11 ಸೆಕೆಂಡ್ ಕೂಡ ಅಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ. ಶುರುವಿಗೇ ರಿಸೀವರ್ ನೋಡಿದ್ದೆ, ಬ್ಯಾಟರಿ ಗುರುತು ಒಂದೇ ಕಡ್ಡಿ ಇತ್ತು. ವೈರ್ ಮೈಕ್ ಹಾಕಿ ಅಂತ ಹೇಳಿದೆ. ವೈರ್ ಇದ್ದರೆ ವಿಡಿಯೋದಲ್ಲಿ ಚೆನ್ನಾಗಿ ಕಾಣಲ್ಲ ಅಂದರು. ನಾನು ಇವತ್ತು ಜಡ್ಜ್, ಸೌಂಡ್‌ನವನಲ್ಲ ಅಂತ ಸುಮ್ಮನಾದೆ.

ಗಲಾಟೆ ಶುರುವಾಯಿತು. ಹುಡುಗಿ ಕಡೆಯವರು ಇನ್ನೊಂದು ಸಲ ಅವಕಾಶ ಕೊಡಿ ಅಂದರು. ಹುಡುಗನ ದೋಸ್ತಿಗಳು ಅದು ಹೇಗೆ ಆಗುತ್ತೆ, ಅವಳಿಗೆ ಯೋಚಿಸಲು ಟೈಮ್ ಸಿಕ್ಕಿತಲ್ಲ ಅಂದರು. ಅವರು ಹೇಳಿದ್ದು ಸರಿ. ಹೊಸ ಬ್ಯಾಟರಿ ಹಾಕಿ, ಮೈಕ್ ಟೆಸ್ಟ್ ಮಾಡಿ, ಮತ್ತೆ ಬೀಟ್ ಹಾಕುವಾಗ ಐದು ನಿಮಿಷ ಆಗಿತ್ತು. 90 ಬಿಪಿಎಂನಲ್ಲಿ ಐದು ನಿಮಿಷ ಅಂದರೆ ನೂರಕ್ಕೂ ಜಾಸ್ತಿ ಬಾರ್. ಅಷ್ಟು ಹೊತ್ತು ಯೋಚಿಸಿ ಕೊಡುವ ಉತ್ತರ ಆ ರೌಂಡಿನ ಉತ್ತರ ಆಗುವುದಿಲ್ಲ. ಹಾಗಂತ ಕೇಳಿಸದ ಮಾತಿಗೆ ಸೊನ್ನೆ ಹಾಕಿದರೆ ಬ್ಯಾಟರಿಯ ತಪ್ಪಿಗೆ ಅವಳು ದಂಡ ಕಟ್ಟಿದ ಹಾಗೆ.

ಮೂವರೂ ಪರದೆಯ ಹಿಂದೆ ಹೋದೆವು. ಬೀಟ್‌ಬಾಕ್ಸರ್‌ಗೆ ಇದು ಹೊಸದಲ್ಲ. ಸ್ಪ್ಯಾನಿಷ್ ಭಾಷೆಯ ದೊಡ್ಡ ಫ್ರೀಸ್ಟೈಲ್ (ನಿಂತಲ್ಲೇ ಕಟ್ಟಿ ಹೇಳುವ ರ‍್ಯಾಪ್) ಸ್ಪರ್ಧೆಗಳಲ್ಲಿ ಜಡ್ಜ್‌ಗಳಿಗೆ ಇಬ್ಬರಲ್ಲಿ ಯಾರು ಅಂತ ತೀರ್ಮಾನ ಆಗದಿದ್ದರೆ ರೆಪ್ಲಿಕಾ ಅಂತ ಕೂಗಿ ಇನ್ನೊಂದು ಸುತ್ತು ಆಡಿಸುತ್ತಾರೆ, ಅದನ್ನೇ ಮಾಡೋಣ ಅಂದ. ಹಳೆಯದನ್ನು ರಿಪೇರಿ ಮಾಡುವುದು ಬೇಡ, ಹೊಸ ಸುತ್ತು, ಕ್ರಮ ತಿರುಗಿಸಿ, ಹುಡುಗಿ ಮೊದಲು. ಮೂರನೇ ರೌಂಡಿನಲ್ಲಿ ಅವಳದ್ದು ಎಷ್ಟು ಕೇಳಿಸಿತೋ ಅಷ್ಟಕ್ಕೆ ಮಾರ್ಕು. ಮೊದಲ ಸುತ್ತಿನ ಜೊತೆ ಈ ಎರಡೂವರೆ ಬಾರ್ ಸೇರಿಸಿ ನಾನು 5, 3, 3 ಹಾಕಿದೆ. ಆಗ ಲೆಕ್ಕ ಹುಡುಗ 45, ಹುಡುಗಿ 42.

ಇವತ್ತಿಗೂ ಆ ನಿರ್ಧಾರದಲ್ಲಿ ಒಂದು ಮುಳ್ಳು ಚುಚ್ಚುತ್ತದೆ. ಹೊಸ ಸುತ್ತು ಇಬ್ಬರಿಗೂ ಸಮ ಅಂದುಕೊಂಡೆವು. ಸಮ ಇರಲಿಲ್ಲ. ಹುಡುಗ ತನ್ನ ಒಳಗಿದ್ದ ಅತ್ಯಂತ ದೊಡ್ಡ ಮಾತನ್ನು ಆಗಲೇ ಖರ್ಚು ಮಾಡಿದ್ದ. ಅವಳ ಅರ್ಧ ಮಾತು ಇನ್ನೂ ಬಾಯಲ್ಲೇ ಇತ್ತು.

ಹೆಚ್ಚುವರಿ ಸುತ್ತಿನಲ್ಲಿ ಅವಳು ಹೀಗೆ ತೆಗೆದಳು:

ಬರೆಯೋದ್ರಲ್ಲಿ ಏನು ತಪ್ಪು, ಅದಕ್ಕೆ ನನ್ನ ಒಪ್ಪು
ಆರಿದ ಸಾಂಬಾರಿಗೆ ಮತ್ತೆ ಯಾಕೆ ಉಪ್ಪು

ಉಳಿದ ಎರಡು ಸಾಲು ಸಾಧಾರಣ. ಆದರೆ ಎದುರಾಳಿಯ ಮಾತನ್ನು ಒಪ್ಪಿಕೊಂಡೇ ಹೊಡೆಯುವುದು ಕಷ್ಟದ ಪಟ್ಟು. 15 ಹಾಕಿದೆ. ಹುಡುಗ ಮೊದಲ ಬಾರ್ ಹಿಡಿದ, ಎರಡನೇ ಬಾರ್‌ನಲ್ಲಿ "ಸುನ್ ಸುನ್ ಸುನ್" ಅಂತ ತುಂಬಿಸಿದ, ಮೂರನೆಯದು ಮತ್ತೆ ಬೆಂಕಿ. 10. ಒಟ್ಟು 57, 55.

ಬೀಟ್‌ಬಾಕ್ಸರ್ ಹುಡುಗನಿಗೆ ಹಾಕಿದ. ಮಾಸ್ಟ್ರು ಹುಡುಗಿಗೆ. ನಾನು ಹುಡುಗಿಗೆ. ಟ್ರೋಫಿ ಕೊಟ್ಟರು, ಫೋಟೋ ಆಯಿತು, ಅಪ್ಪ ಜೇಬಿನ ಪೆನ್ನು ಸರಿ ಮಾಡಿಕೊಂಡು ಪಕ್ಕದಲ್ಲಿ ನಿಂತರು.

ಊಟದ ಲೈನಿನಲ್ಲಿ ಮಾಸ್ಟ್ರಿಗೆ ನಾನು ಜಂಬದಿಂದ ಹೇಳಿದೆ, ಬರೆದು ತಂದವನನ್ನು ಹಿಡಿದೆ ನೋಡಿ ಅಂತ. ಅವರು ಪಾಯಸದ ಲೋಟ ಹಿಡಿದುಕೊಂಡೇ ನಕ್ಕರು. "ಅಲ್ಲ ಮಾರಾಯ, ಶೇಣಿಯವರು ಏನೂ ಓದದೆ ಬಂದು ಕೂತು ಅರ್ಥ ಹೇಳ್ತಿದ್ರು ಅಂತ ಗ್ರಹಿಸಿದ್ದೀಯಾ? ಎಷ್ಟು ಪುರಾಣ, ಎಷ್ಟು ಶ್ಲೋಕ ತಲೆಯಲ್ಲಿ ಇತ್ತು ಅವರಿಗೆ. ಎಲ್ಲ ತಂದದ್ದೇ. ತಂದದ್ದನ್ನು ಎಲ್ಲಿ ಇಟ್ಟ ಅಂತ ನೋಡು. ಕೀಲು ಎಲ್ಲಿ ಕೂಡಿತು ಅಂತ ನೋಡು. ಆ ರೈಲಿನ ಮಾತು ಅವಳು ಮನೆಯಿಂದ ತರ್ಲಿಕ್ಕೆ ಸಾಧ್ಯ ಉಂಟಾ? ನಾನು ಓಟು ಹಾಕಿದ್ದು ಅದಕ್ಕೆ. ಬೀಗಕ್ಕೆ ಅಲ್ಲ."

ಬೀಗಕ್ಕೆ ಯಾಕಲ್ಲ ಅಂದೆ. "ಅದು ಸ್ವಲ್ಪ ಜಾಸ್ತಿ ನಯ ಇತ್ತು" ಅಂದರು.

ಅಲ್ಲೇ ಹುಡುಗಿ ಸಿಕ್ಕಿದಳು. ಅಭಿನಂದನೆ ಹೇಳಿ ಸುಮ್ನೆ ಕೇಳಿದೆ, ಬೀಗ ಪದ ಸಿಕ್ಕಾಗ ಅಷ್ಟು ಬೇಗ ಮೂರು ಅರ್ಥ ಹೇಗೆ ಹೊಳೆಯಿತು? ಅವಳು ಮುಚ್ಚುಮರೆ ಮಾಡಲಿಲ್ಲ. "ಅಣ್ಣ, ಅದು ಹಳೇದು. ಟ್ರೈನಲ್ಲಿ ಹೋಗ್ವಾಗ ನಾನು ಹೀಗೇ ಪದ ಹಿಡ್ಕೊಂಡು ಆಡ್ತೇನೆ. ಬೀಗ, ಕಾಲು, ಹತ್ತು, ಹೀಗೆ ಒಂದು ಐವತ್ತು ಪದ ಉಂಟು ನನ್ನ ಹತ್ರ. ಚೀಟಿಯಲ್ಲಿ ಬೀಗ ಬಂದಾಗ ನಂಗೇ ನಗು ಬಂತು. ಆ ಗ್ಯಾಂಗಿನ ಸಾಲು ಮಾತ್ರ ಅಲ್ಲೇ ಮಾಡಿದ್ದು."

ಜೇಬಿನಿಂದ ಶೀಟ್ ತೆಗೆದೆ. ಎರಡನೇ ರೌಂಡಿನ ಉತ್ತರಕ್ಕೆ ಕೊಟ್ಟ 7ನ್ನು, ಹುಡುಗನಿಗೆ ಹಾಕಿದ ಅಳತೆಯಲ್ಲೇ ನೋಡಿದರೆ, 4 ಮಾಡಬೇಕು. ಆಗ ಅವಳದ್ದು 54. ಅವನದ್ದು 55.

ಯಾರಿಗೂ ಹೇಳದೆ ಹೊರಗೆ ಬಂದೆ. ಗೇಟಿನ ಪಕ್ಕ ಕಟಿಂಗ್ ಚಹಾದ ಗಾಡಿ ಹತ್ತಿರ ಹುಡುಗ ಒಬ್ಬನೇ ನಿಂತಿದ್ದ, ದೋಸ್ತಿಗಳು ರಿಕ್ಷಾ ಹುಡುಕಲು ಹೋಗಿದ್ದರು. ನನ್ನ ಮನಸ್ಸು ತಡೆಯಲಿಲ್ಲ. ಎಲ್ಲ ಹೇಳಿಬಿಟ್ಟೆ, 7, 4, 54, 55. ತೀರ್ಪು ಬದಲಾಗಲ್ಲಪ್ಪಾ, ಆದರೆ ನಿನಗೆ ಗೊತ್ತಿರಲಿ ಅಂದೆ. ಬೈತಾನೆ ಅಂದುಕೊಂಡಿದ್ದೆ. ಅವನು ಗ್ಲಾಸ್ ಕೆಳಗಿಟ್ಟ.

"ಹಂಗಂದ್ರ ನಂದೂ ಕಳೀರಿ ಅಣ್ಣಾ."

"ಯಾಕೆ?"

"ಹೆಬ್ಬೆಟ್ಟಿನ ಸಾಲ ಎರಡ ವರ್ಷ ಹಿಂದ ಬರದದ್ರೀ. ಎಲ್ಲಿ ಹೇಳೂದ ಅಂತ ಇಟ್ಕೊಂಡಿದ್ದೆ."

"ಮತ್ತೆ ರಾತ, ಒಬ್ಬಾತ?"

"ರಾತ ಗೊತ್ತಿಲ್ರೀ, ಬಂತ ಅಷ್ಟ. ಒಬ್ಬಾತ ಅಲ್ಲೇ ಹುಟ್ಟಿದ್ದ. ಆಕಿ ಅಪ್ಪಾರು ಮುಂದಿನ ಸಾಲಿನ್ಯಾಗ ಕುಂತಿದ್ರಲಾ ಅಣ್ಣಾ, ಕಿಸೇದಾಗ ಪೆನ್ನ ಕಂಡ್ತು."